ಉಗುರಿಗೆ ಮಿಂಚು

ಹೋದ ತಿಂಗಳು ಉಪ್ಪಿನಕಾಯಿ ಜಾಡಿಗಳ ಪ್ರಸ್ತಾಪವನ್ನು ಮುಗಿಸುತ್ತ, ಮುಂದಿನ ಸಂಚಿಕೆಯಲ್ಲಿ ಕಂಚಿನ ಪಾತ್ರೆಗಳ ವಿಷಯವನ್ನು ಬರೆಯುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತು ಈ ತಿಂಗಳು ನಡೆಯಲಿಲ್ಲ, ಕ್ಷಮಿಸಬೇಕು. ಅಮೆರಿಕ ದೇಶದ ನ್ಯೂಜೆರ್ಸಿ ಸಂಸ್ಥಾನದಲ್ಲಿ ಎಡಿಸನ್ ಎಂಬ ಊರಿದೆ. ನಮ್ಮ ಮಗಳೂ ಅಳಿಯಂದಿರೂ ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಈ ಬೇಸಗೆಯಲ್ಲಿ ಅವರಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಆ ಮನೆಯಲ್ಲಿ ಕಂಚಿನ ಪಾತ್ರೆ ಒಂದೂ ಇರಲಿಲ್ಲ. ನಮ್ಮ ಪರೀಕ್ಷೆಗೆ ಅಲ್ಲಿ ಸಿಕ್ಕಿದ್ದು ಒಂದು ಸಣ್ಣ ಸೀಸೆ. ಅದರೊಳಗೆ ಹದಿನೈದು ಮಿಲಿಲೀಟರಿನಷ್ಟು ಉಗುರುಬಣ್ಣ. ಆ ಬಣ್ಣದೊಳಗೆ ಎಣಿಸಲಾರದಷ್ಟು ಮಿಂಚಿನ ಚೂರುಗಳು. ಗ್ಲಿಟರ್ ನೈಲ್ ಪಾಲಿಶ್ ಎಂದು ಇದರ ಹೆಸರು. ಅರುವತ್ತು ದಾಟಿದ ಸಂಸ್ಕೃತದ ಮೇಷ್ಟರಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವೂ ಮೊದಲು ಹಾಗೆಯೇ ಕೇಳಿದೆವು.

ಸೀಸೆಯನ್ನು ತರಿಸಿದವಳು ನಮ್ಮ ಮೊಮ್ಮಗಳು. ಅವಳಿಗೆ ಹನ್ನೊಂದು ವರ್ಷ. ಕೈಖರ್ಚಿನ ಹಣದಲ್ಲಿ ಹನ್ನೆರಡು ಡಾಲರುಗಳನ್ನು ಉಳಿಸಿ, ದೂರದ ಸಂಸ್ಥಾನವೊಂದರಲ್ಲಿ ತನ್ನ ಮನೆಯಲ್ಲಿಯೇ ಇಂಥ ಬಣ್ಣಗಳನ್ನು ಬೆರಸಿ ಮಾರುವ ಒಬ್ಬ ಹೆಂಗಸಿನಿಂದ ಅದನ್ನು ತರಿಸಿಕೊಂಡಿದ್ದಳು. ಬರುವುದಕ್ಕೆ ಒಂಬತ್ತು ದಿನ ಹಿಡಿಯಿತು. ಉಗುರುಬಣ್ಣವು ಥಟ್ಟನೆ ಹೊತ್ತಿಕೊಳ್ಳುವ ದ್ರವವಾದ ಕಾರಣ ಅಲ್ಲಿಯ ಅಂಚೆಯವರು ಅದನ್ನು ವಿಮಾನದಲ್ಲಿ ಸಾಗಿಸುವುದಿಲ್ಲ; ನೆಲದ ಮಾರ್ಗವಾಗಿಯೇ ಬರಬೇಕು. ಆ ಒಂಬತ್ತು ದಿನವೂ ಹುಡುಗಿ ಶಾಲೆಯಿಂದ ಬಂದವಳು ಚೀಲವನ್ನು ಸಹ ಇಳಿಸದೆ ಅಂಚೆಪೆಟ್ಟಿಗೆಯ ಬಾಗಿಲನ್ನು ತೆರೆದು ನೋಡುತ್ತಿದ್ದಳು.

ಇಂಥ ಸಣ್ಣ ತಯಾರಕರು ಆ ದೇಶದಲ್ಲಿ ಸುಮಾರು ೨೦೧೦ರಿಂದ ಈಚೆಗೆ ಹೆಚ್ಚಿದರಂತೆ. ದೊಡ್ಡ ಕಂಪೆನಿಯು ಒಂದು ಬಣ್ಣವನ್ನು ಮಾಡಬೇಕಾದರೆ ಅದು ಲಕ್ಷಗಟ್ಟಲೆ ಜನಕ್ಕೆ ಒಪ್ಪುವಂತಿರಬೇಕು. ಈ ಹೆಂಗಸರಿಗೆ ಆ ಹಂಗಿಲ್ಲ. ಐವತ್ತು ಸೀಸೆ, ನೂರು ಸೀಸೆ ಬೆರಸಿ, ಮುಗಿದ ಮೇಲೆ ಬೇರೊಂದನ್ನು ಬೆರಸಬಹುದು. ನಮ್ಮ ಕಡೆ ಮನೆಯಲ್ಲಿ ಸಾರಿನಪುಡಿ ಮಾಡಿ ಮಾರುವವರ ಹಾಗೆ. ಬಣ್ಣದ ಮೂಲದ್ರವವನ್ನು ಇವರಲ್ಲಿ ಬಹುಮಂದಿ ತಾವೇ ಮಾಡುವುದಿಲ್ಲ, ಸಿದ್ಧವಾದುದನ್ನು ಕೊಂಡು ತರುತ್ತಾರೆ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು. ಅದರೊಳಗೆ ಯಾವ ಬಣ್ಣ, ಯಾವ ಮಿಂಚು, ಯಾವ ಗಾತ್ರದ ಚೂರು, ಎಷ್ಟೆಷ್ಟು ಎಂಬುದೇ ಅವರ ಕೈಚಳಕ.

ನಮಗೆ ಇದು ಸರಿಬೀಳಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಹನ್ನೊಂದು ವರ್ಷದ ಮಗುವಿಗೆ ಉಗುರುಬಣ್ಣವೇಕೆ, ಅದಕ್ಕೆ ಹನ್ನೆರಡು ಡಾಲರೇಕೆ, ಆ ಹಣಕ್ಕೆ ಎಂಥ ಪುಸ್ತಕ ಬರುತ್ತಿತ್ತು ಎಂದು ಊಟದ ಹೊತ್ತಿನಲ್ಲಿ ಉಪನ್ಯಾಸವನ್ನೇ ಮಾಡಿದೆವು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಕೇಳುವವರು ಇಬ್ಬರಿದ್ದರೂ ಸಭೆಯೇ. ಮಗು ಎಲ್ಲವನ್ನೂ ಕೇಳಿಸಿಕೊಂಡಿತು. ಆಮೇಲೆ ತನ್ನ ಮುರುಕು ಕನ್ನಡದಲ್ಲಿ, "ತಾತ, ನೀನು ಹಚ್ಚಿ ನೋಡಿದೀಯಾ?" ಎಂದಿತು. ನಮ್ಮ ಮಗಳು ನಗುವನ್ನು ತಡೆಯಲು ಎದ್ದು ಒಳಗೆ ಹೋದಳು.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲಿನದೆಂದು ತರ್ಕದ ಬಾಲಪಾಠದಲ್ಲಿಯೇ ಹೇಳಿಕೊಟ್ಟಿರುತ್ತಾರೆ. ಉಗುರುಬಣ್ಣದ ವಿಷಯದಲ್ಲಿ ನಮಗೆ ಪ್ರತ್ಯಕ್ಷವಿರಲಿಲ್ಲ; ಅನುಮಾನವೂ ಇರಲಿಲ್ಲ; ಇದ್ದದ್ದು ಬರಿಯ ಅಭ್ಯಾಸ. ಈ ಅಂಕಣದಲ್ಲಿ ಉಪಯೋಗಿಸಿ ನೋಡದ ವಸ್ತುವನ್ನು ಕುರಿತು ಅಭಿಪ್ರಾಯ ಹೇಳೆವೆಂದು ನಾವೇ ಮಾಡಿಕೊಂಡ ನಿಯಮವೂ ಒಂದಿದೆಯಷ್ಟೆ. ಮರುದಿನ ಶನಿವಾರ. ಎಡಗೈಯನ್ನು ಮೇಜಿನ ಮೇಲೆ ಚಾಚಿದೆವು. ಬಲಗೈಯನ್ನು ಊಟಕ್ಕೂ ಆಚಮನಕ್ಕೂ ಮೀಸಲಾಗಿ ಬಿಟ್ಟುಕೊಳ್ಳುವೆವೆಂದು ಮೊದಲೇ ಕರಾರು.

ಸೀಸೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಕಪ್ಪಿಗೆ ತಿರುಗಿದ ನೀಲಿ. ಆ ನೀಲಿಯಲ್ಲಿ ಚಿನ್ನದ ಬಣ್ಣದ, ತಾಮ್ರದ ಬಣ್ಣದ ಚೂರುಗಳು ಅಲ್ಲಲ್ಲಿ ತಡೆದು ನಿಂತಿದ್ದುವು. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಕತ್ತಲೆಯ ತೋಟದ ತುಂಬ ಮಿಂಚುಹುಳುಗಳು ಕೂಡುವುದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಕಾಗದು. ತಯಾರಿಸಿದಾಕೆ ಎಂದೂ ಆ ತೋಟಗಳನ್ನು ಕಂಡಿರಲಾರಳು. ಅಲ್ಲಾಡಿಸಿದರೆ ಕಟಕಟ ಎಂದು ಸದ್ದು. ಬಣ್ಣ ಚೆನ್ನಾಗಿ ಬೆರೆಯಲೆಂದು ಉಕ್ಕಿನ ಎರಡು ಪುಟ್ಟ ಗುಂಡುಗಳನ್ನು ಒಳಗೆ ಹಾಕಿರುತ್ತಾರೆ.

ಹಚ್ಚುವುದು ನಾವು ಎಣಿಸಿದಷ್ಟು ಸುಲಭದ ಕೆಲಸವಲ್ಲ. ಮೊದಲು ಉಗುರಿನ ಜಿಡ್ಡನ್ನು ಒರಸಬೇಕು. ಅನಂತರ ಬಣ್ಣವಿಲ್ಲದ ತಳಲೇಪ ಒಂದು. ಅದು ಆರಿದ ಮೇಲೆ ಬಣ್ಣ. ಐದು ನಿಮಿಷ ಬಿಟ್ಟು ಮತ್ತೆ ಬಣ್ಣ. ಕೊನೆಗೆ ಹೊಳಪಿನ ಮೇಲ್ಲೇಪ. ಸಾಮಾನ್ಯವಾದ ಬಣ್ಣವನ್ನು ಕುಂಚದಿಂದ ಎಳೆದರೆ ಸಾಕು. ಮಿಂಚಿನ ಬಣ್ಣವನ್ನು ಹಾಗೆ ಎಳೆದರೆ ಚೂರುಗಳೆಲ್ಲ ಕುಂಚದ ಹಿಂದೆಯೇ ಓಡಿಹೋಗಿ ಉಗುರಿನ ತುದಿಯಲ್ಲಿ ಗುಂಪು ಕೂಡುತ್ತವೆ. ಆದಕಾರಣ ಕುಂಚವನ್ನು ಮೆಲ್ಲನೆ ಒತ್ತಿ ಒತ್ತಿ ಒಂದೊಂದು ಚೂರನ್ನೂ ಅದರದರ ಸ್ಥಳದಲ್ಲಿ ಕೂರಿಸಬೇಕು. ನಮ್ಮ ಮೊಮ್ಮಗಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಈ ಕೆಲಸವನ್ನು ಮಾಡಿದಳು. ಅವಳು ಅಷ್ಟು ಹೊತ್ತು ಒಂದೇ ಕಡೆ ಕುಳಿತದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಮೂರು ಬೆರಳುಗಳಿಗೆ ಮೂರು ಬಗೆ ಮಾಡಿಸಿದೆವು. ಕಿರುಬೆರಳಿಗೆ ತಳಲೇಪ, ಎರಡು ಸಲ ಬಣ್ಣ, ಮೇಲ್ಲೇಪ. ಉಂಗುರದ ಬೆರಳಿಗೆ ತಳಲೇಪವೂ ಇಲ್ಲ, ಮೇಲ್ಲೇಪವೂ ಇಲ್ಲ, ಬರಿಯ ಬಣ್ಣ. ನಡುಬೆರಳಿಗೆ ಅಂಗಡಿಯ ಕಪ್ಪು ಬಣ್ಣದ ಮೇಲೆ ಇದರ ಒಂದೇ ಲೇಪ.

ಒಣಗುವವರೆಗೆ ಕೈಯನ್ನು ಅಲುಗಿಸಕೂಡದು. ಕೈ ಕಟ್ಟಿಹಾಕಿದ ಮೇಲೆ ಮನುಷ್ಯನು ಪ್ರಶ್ನೆಗಳನ್ನಲ್ಲದೆ ಇನ್ನೇನನ್ನು ಕೇಳಿಯಾನು? ನಮ್ಮ ಮಗಳು ರಸಾಯನಶಾಸ್ತ್ರವನ್ನು ಓದಿದವಳು, ಔಷಧ ತಯಾರಿಸುವ ಕಡೆ ಕೆಲಸದಲ್ಲಿರುವವಳು. ಅವಳಿಂದ ತಿಳಿದುದರಲ್ಲಿ ಗೃಹಸ್ಥರಿಗೆ ಉಪಯುಕ್ತವಾದುದನ್ನು ಇಲ್ಲಿ ಬರೆಯುತ್ತೇವೆ.

ಉಗುರುಬಣ್ಣಕ್ಕೆ ಬೆನ್ನೆಲುಬು ನೈಟ್ರೋಸೆಲ್ಯುಲೋಸ್ ಎಂಬ ಪದಾರ್ಥ. ಹತ್ತಿಯನ್ನೋ ಮರದ ನಾರನ್ನೋ ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ಇದು ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಇದೇ ಕುಲದ ಪದಾರ್ಥವನ್ನು ತುಪಾಕಿಹತ್ತಿಯೆಂದು ಮದ್ದಿನ ಬದಲಿಗೆ ಬಳಸಿದರು. ಆಮೇಲೆ ಚಲನಚಿತ್ರದ ಸುರುಳಿಗಳನ್ನು ಇದರಿಂದ ಮಾಡಿದರು, ಅವು ಹತ್ತಿಕೊಂಡು ಚಿತ್ರಮಂದಿರಗಳು ಉರಿದುದುಂಟು. ೧೯೨೦ರ ದಶಕದಲ್ಲಿ ಇದರ ಅರಗುಬಣ್ಣವನ್ನು ಮೋಟಾರುಗಾಡಿಗಳಿಗೆ ಬಳಿದರು. ಇಂದಿನ ಉಗುರುಬಣ್ಣ ಆ ಮೋಟಾರುಬಣ್ಣದ ತಂಗಿ. ೧೯೩೨ರಲ್ಲಿ ರೆವ್ಸನ್ ಎಂಬ ಅಣ್ಣತಮ್ಮಂದಿರೂ ಲಾಕ್‌ಮನ್ ಎಂಬವರೂ ಸೇರಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ರೆವ್ಲಾನ್ ಕಂಪೆನಿಯ ಮೊದಲ ಸರಕೇ ಉಗುರುಬಣ್ಣ. ಈ ನೈಟ್ರೋಸೆಲ್ಯುಲೋಸನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರವಗಳಲ್ಲಿ ಕರಗಿಸಿರುತ್ತಾರೆ. ಮಾಗಿದ ಹಣ್ಣಿನ ವಾಸನೆಯನ್ನು ಹೋಲುವ ಆ ಘಾಟು ಅವುಗಳದು. ಅವು ಹಾರಿಹೋಗುತ್ತವೆ, ಹಿಂದೆ ಉಳಿದ ಪೊರೆಯೇ ಬಣ್ಣ. ಮನೆಯಲ್ಲಿ ಬೆರಸುವವರು ಮೂಲದ್ರವವನ್ನು ಕೊಂಡೇ ತರುವುದೇಕೆಂದು ಈಗ ವಾಚಕರಿಗೆ ತಿಳಿದಿರಬಹುದು: ಒಣಗಿದ ನೈಟ್ರೋಸೆಲ್ಯುಲೋಸ್ ಅಡಿಗೆಮನೆಯಲ್ಲಿ ಇಟ್ಟುಕೊಳ್ಳತಕ್ಕ ಪದಾರ್ಥವಲ್ಲ. ಸೀಸೆಯಲ್ಲಿರುವುದೂ ಬೆಂಕಿಗೆ ಸುಲಭವಾಗಿ ಸಿಕ್ಕುವಂಥದೇ. ದೇವರ ದೀಪದ ಮುಂದೆಯೋ ಒಲೆಯ ಪಕ್ಕದಲ್ಲಿಯೋ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುವ ಹೆಣ್ಣುಮಕ್ಕಳನ್ನು ನಾವು ನೋಡಿದ್ದೇವೆ. ಅದನ್ನು ತಪ್ಪಿಸಬೇಕು. ಕಿಟಕಿ ತೆರೆದಿರಬೇಕು.

ಇನ್ನು ಮಿಂಚು. ಇದು ಅಭ್ರಕವಿರಬಹುದೆಂದು ನಾವು ಊಹಿಸಿದ್ದೆವು, ಹಾಗಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಅಲ್ಯೂಮಿನಿಯಮ್ಮಿನ ಆವಿಯನ್ನು ಕೂರಿಸಿ, ಬಣ್ಣ ಕೊಟ್ಟು, ಆ ಹಾಳೆಯನ್ನು ಯಂತ್ರದಿಂದ ಕೊಚ್ಚಿದ ಚೂರುಗಳು. ಕನ್ನಡಿಗಾಜಿನಲ್ಲಿ ನೋಡಿದರೆ ಒಂದೊಂದೂ ಷಟ್ಕೋಣ. ದುಂಡಾಗಿ ಕತ್ತರಿಸಿದರೆ ನಡುನಡುವೆ ಹಾಳೆ ವ್ಯರ್ಥವಾಗುತ್ತದೆ, ಆರು ಮೂಲೆಗಳಾಗಿ ಕತ್ತರಿಸಿದರೆ ಏನೂ ಉಳಿಯುವುದಿಲ್ಲ. ಜೇನುಹುಳು ಈ ಲೆಕ್ಕವನ್ನು ಯಾರಿಂದಲೂ ಕಲಿಯದೆ ಮಾಡುತ್ತದೆ. ಹೀಗೆ ಕೊಚ್ಚುವ ಉದ್ಯಮವು ೧೯೩೪ರಲ್ಲಿ ಬರ್ನಾರ್ಡ್ಸ್‌ವಿಲ್ ಎಂಬ ಊರಿನಲ್ಲಿ, ಹೆನ್ರಿ ರಶ್‌ಮನ್ ಎಂಬ ಯಂತ್ರಕುಶಲನಿಂದ ಮೊದಲಾಯಿತೆಂದು ಹೇಳುತ್ತಾರೆ. ಆ ಊರು ಅದೇ ನ್ಯೂಜೆರ್ಸಿಯಲ್ಲಿ, ಮಗಳ ಮನೆಯಿಂದ ಒಂದು ಗಂಟೆಗೂ ಕಡಮೆಯ ದಾರಿ. ಹುಡುಗಿಗೆ ಈ ಸಂಗತಿ ತಿಳಿದಿರಲಿಲ್ಲ. ತನ್ನ ಸೀಸೆಯ ಮಿಂಚಿನ ತವರುಮನೆ ಇಷ್ಟು ಹತ್ತಿರವೆಂದು ಕೇಳಿ ಬಹಳ ಸಂತೋಷಪಟ್ಟಳು.

ಚೂರುಗಳು ದ್ರವಕ್ಕಿಂತ ಭಾರವಾದುವು; ತಳಕ್ಕೆ ಇಳಿಯಬೇಕಷ್ಟೆ. ಇಳಿಯದಿರಲೆಂದು ಒಂದು ಬಗೆಯ ಜೇಡಿಯನ್ನು ಸಂಸ್ಕರಿಸಿ ಸೇರಿಸಿರುತ್ತಾರೆ. ಗಟ್ಟಿಮೊಸರು ಸುಮ್ಮನಿರುವಾಗ ಗಡ್ಡೆಯಾಗಿ ನಿಂತು, ಕಡೆಗೋಲು ಹಾಕಿದೊಡನೆ ಸಡಿಲವಾಗುವುದನ್ನು ಗೃಹಿಣಿಯರು ದಿನವೂ ನೋಡುತ್ತಾರೆ. ಇದೂ ಹಾಗೆಯೇ: ನಿಂತಾಗ ಗಟ್ಟಿ, ಅಲ್ಲಾಡಿಸಿದಾಗ ನೀರು. ಒಂದು ಭೇದವೆಂದರೆ, ಕಡೆದ ಮೊಸರು ಮತ್ತೆ ಗಡ್ಡೆಯಾಗದು. ಇದು ಸ್ವಲ್ಪ ಹೊತ್ತು ಬಿಟ್ಟರೆ ಮರಳಿ ಗಟ್ಟಿಯಾಗುತ್ತದೆ. ಹಾಗಿದ್ದರೂ ನಾಲ್ಕಾರು ದಿನಕ್ಕೆ ಒಂದಷ್ಟು ಚೂರು ತಳ ಕಂಡಿತು. ಹುಡುಗಿ ತಯಾರಿಸಿದಾಕೆಗೆ ಬರೆದು ಕೇಳಿದಳು. ಮರುದಿನವೇ ಉತ್ತರ ಬಂದಿತು: ರಾತ್ರಿಯೆಲ್ಲ ಸೀಸೆಯನ್ನು ತಲೆಕೆಳಗಾಗಿ ನಿಲ್ಲಿಸಬೇಕೆಂದು. ಹಾಗೆ ಮಾಡಿದೆವು, ಸರಿಹೋಯಿತು. ದೊಡ್ಡ ಕಂಪೆನಿಗಳಿಗೆ ನಾವು ಬರೆದ ಕಾಗದಗಳಿಗೆ ಉತ್ತರ ಬಂದ ನೆನಪಿಲ್ಲ.

ಹುಡುಗಿ ಬಣ್ಣ ಕೂರಿಸುತ್ತಿದ್ದಾಗ ನಮ್ಮ ಮನಸ್ಸು ಮಾಳವಿಕಾಗ್ನಿಮಿತ್ರದ ಮೂರನೆಯ ಅಂಕಕ್ಕೆ ಹೋಗಿತ್ತು. ಅಶೋಕವೃಕ್ಷವು ಹೂ ಬಿಡಬೇಕಾದರೆ ಸುಂದರಿಯ ಪಾದ ಸೋಕಬೇಕಷ್ಟೆ. ಧಾರಿಣೀದೇವಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿರುವ ಕಾರಣ ಆ ಕೆಲಸ ಮಾಳವಿಕೆಗೆ ಬರುತ್ತದೆ. ಸಖಿಯಾದ ಬಕುಲಾವಲಿಕೆಯು ಅವಳ ಪಾದಕ್ಕೆ ಅಲಕ್ತಕದ ರಸವನ್ನು, ಎಂದರೆ ಅರಗಿನಿಂದ ತೆಗೆದ ಕೆಂಪನ್ನು, ಲೇಪಿಸುತ್ತಾಳೆ. ಅರಸನು ಮರೆಯಲ್ಲಿ ನಿಂತು ನೋಡುತ್ತಾನೆ. ಕುಮಾರಸಂಭವದ ಏಳನೆಯ ಸರ್ಗದಲ್ಲಿ ಪಾರ್ವತಿಯ ಪಾದಕ್ಕೆ ಬಣ್ಣ ಹಚ್ಚಿದ ಗೆಳತಿಯೊಬ್ಬಳು ಏನೋ ಪರಿಹಾಸ್ಯ ಮಾಡಿ, ಪಾರ್ವತಿಯ ಕೈಯ ಹೂಮಾಲೆಯಿಂದ ಪೆಟ್ಟು ತಿನ್ನುತ್ತಾಳೆ. ಈ ಪ್ರಸಂಗಗಳನ್ನು ನಾವು ವರ್ಷ ವರ್ಷವೂ ರಸವತ್ತಾಗಿ ಪಾಠ ಹೇಳುತ್ತಿದ್ದೆವು. ವ್ಯಾಕರಣ ಬಿಡಿಸಿ, ಅಲಂಕಾರ ಹೇಳಿ, ಸಖಿಯ ಸ್ನೇಹವನ್ನು ಕೊಂಡಾಡುತ್ತಿದ್ದೆವು. ಒಬ್ಬರ ಕೈಯನ್ನು ಇನ್ನೊಬ್ಬರು ಅರ್ಧ ಗಂಟೆ ಹಿಡಿದುಕೊಂಡು ಕುಳಿತರೆ ಏನಾಗುತ್ತದೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ. ಆ ಅರ್ಧ ಗಂಟೆಯಲ್ಲಿ ಮಗು ತನ್ನ ಶಾಲೆಯ ಸಂಗತಿಗಳನ್ನು ಹೇಳಿತು. ತನ್ನೊಡನೆ ಮಾತು ಬಿಟ್ಟ ಗೆಳತಿಯೊಬ್ಬಳ ವಿಷಯವನ್ನು, ತಾಯಿಗೂ ಹೇಳದೆ ಇದ್ದುದನ್ನು, ಹೇಳಿತು. ಅದು ಇಲ್ಲಿಗೆ ಬೇಡ.

ಪರೀಕ್ಷೆಯ ಫಲಿತಾಂಶ. ಮುಟ್ಟಿದರೆ ಅಂಟದ ಮಟ್ಟಿಗೆ ಒಣಗಲು ಹತ್ತು ನಿಮಿಷ ಸಾಕು. ಆದರೆ ನಾಲ್ಕು ಗಂಟೆಯಾದ ಮೇಲೆ ಮಲಗಿದಾಗಲೂ ನಡುಬೆರಳಿನ ಮೇಲೆ ಹೊದಿಕೆಯ ನೇಯಿಗೆಯ ಗುರುತು ಬಿದ್ದಿತು. ತಳಲೇಪವೂ ಮೇಲ್ಲೇಪವೂ ಇಲ್ಲದ ಉಂಗುರದ ಬೆರಳು ಮುಟ್ಟಲು ಉಪ್ಪಿನಕಾಗದದಂತಿದ್ದು, ಪಂಚೆಯ ನೂಲನ್ನು ಎಳೆಯಿತು. ಮೂರನೆಯ ದಿನ ತುದಿಯಲ್ಲಿ ಸಿಪ್ಪೆಯೆದ್ದಿತು. ನಡುಬೆರಳು ಐದನೆಯ ದಿನ ಕೈಕೊಟ್ಟಿತು. ಕಿರುಬೆರಳಿನದು ಎಂಟನೆಯ ದಿನವೂ, ಪಾತ್ರೆ ತೊಳೆದು ಸೋಪಿನ ನೀರಿನಲ್ಲಿ ಕೈಯಾಡಿಸಿದರೂ, ಹಚ್ಚಿದ ಹಾಗೆಯೇ ಇತ್ತು. ಅಗ್ಗದ ಮಿಂಚಾದರೆ ಅದರ ಬಣ್ಣ ದ್ರವಕ್ಕೆ ಬಿಟ್ಟುಕೊಂಡು ಚೂರುಗಳು ಬರಿಯ ಬೆಳ್ಳಿಯಾಗಿ ಉಳಿಯುತ್ತವೆಯಂತೆ. ನಾವು ಇದ್ದ ಅಷ್ಟು ದಿನವೂ ಚಿನ್ನ ಚಿನ್ನವಾಗಿಯೇ, ತಾಮ್ರ ತಾಮ್ರವಾಗಿಯೇ ಇತ್ತು. ಅಂಗಡಿಯ ಬಣ್ಣಕ್ಕೂ ಇದಕ್ಕೂ ಬಾಳಿಕೆಯಲ್ಲಿ ಹೆಚ್ಚಿನ ತಾರತಮ್ಯವನ್ನು ನಾವು ಕಾಣಲಿಲ್ಲ. ನೋಟದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಹನ್ನೆರಡು ಡಾಲರು ಹೆಚ್ಚೆಂದು ನಾವು ಈಗ ಹೇಳಲಾರೆವು, ಅಗತ್ಯವೆಂದೂ ಹೇಳೆವು.

ಚೀಟಿಯ ಮೇಲೆ ಹತ್ತು ಪದಾರ್ಥಗಳಿಲ್ಲ ಎಂಬರ್ಥದ ಮಾತೊಂದು ದೊಡ್ಡ ಅಕ್ಷರದಲ್ಲಿತ್ತು. ಹಿಂದೆ ಉಗುರುಬಣ್ಣಗಳಲ್ಲಿ ಟಾಲ್ಯೂಯೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರು ಇರುತ್ತಿದ್ದುವು. ಅವು ಒಳ್ಳೆಯವಲ್ಲವೆಂದು ಕಂಡ ಮೇಲೆ ತಯಾರಕರು ಮೂರಿಲ್ಲ ಎಂದು ಬರೆಯತೊಡಗಿದರು. ಒಬ್ಬರು ಮೂರೆಂದರೆ ಇನ್ನೊಬ್ಬರು ಐದು, ಮತ್ತೊಬ್ಬರು ಹತ್ತು, ಹದಿನಾರು. ಇಂಥ ಸಂಖ್ಯೆಗೆ ಇಂಥವೇ ಪದಾರ್ಥಗಳೆಂದು ಯಾವ ಕಾಯಿದೆಯೂ ಗೊತ್ತುಮಾಡಿಲ್ಲ. ಬ್ರಹ್ಮವನ್ನು ನಿಷೇಧಮುಖದಿಂದ ನಿರೂಪಿಸುವುದು ಯುಕ್ತ. ಉಗುರುಬಣ್ಣದಲ್ಲಿ ಏನಿಲ್ಲವೆಂಬುದಕ್ಕಿಂತ ಏನಿದೆಯೆಂಬುದನ್ನು ಓದುವುದೇ ಮೇಲು. ಈ ಸೀಸೆಯ ಚೀಟಿಯಲ್ಲಿ ಅದೂ ಇತ್ತು, ಇರುವೆಯಂಥ ಅಕ್ಷರಗಳಲ್ಲಿ. ಅಲ್ಲಿಯ ೨೦೨೨ರ ಕಾಯಿದೆಯು ಸಣ್ಣ ತಯಾರಕರಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟಿದ್ದರೂ, ಸರಕು ನಿರಪಾಯವಾಗಿರಬೇಕೆಂಬ ಹೊಣೆಯಿಂದ ಬಿಟ್ಟಿಲ್ಲ. ನಮ್ಮ ದೇಶದ ಕ್ರಮ ಬೇರೆ. ೧೯೪೦ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆ, ೨೦೨೦ರ ಕಾಂತಿವರ್ಧಕ ನಿಯಮಗಳು, ಇವುಗಳ ಮೇರೆಗೆ ಇಲ್ಲಿ ಮಾರಾಟಕ್ಕೆ ತಯಾರಿಸುವವರು ಪರವಾನಗಿ ಪಡೆದಿರಬೇಕು, ಮನೆಯಲ್ಲಿ ಮಾಡಿದರೂ ಸರಿ. ತಯಾರಕರ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆ, ತಂಡದ ಸಂಖ್ಯೆ, ಎಂದಿನವರೆಗೆ ಬಳಸಬಹುದೆಂಬುದು ಚೀಟಿಯಲ್ಲಿರಬೇಕು. ಪರಿಚಯದವರು ಮಾಡಿದ್ದೆಂಬ ದಾಕ್ಷಿಣ್ಯಕ್ಕೆ ಇವಿಲ್ಲದ ಸೀಸೆಯನ್ನು ಕೊಳ್ಳಬೇಡಿರಿ. ಸಾರಿನಪುಡಿ ಕೆಟ್ಟರೆ ಮೂಗಿಗೆ ತಿಳಿಯುತ್ತದೆ, ಇದು ತಿಳಿಯುವುದಿಲ್ಲ.

ಹಚ್ಚುವುದು ಒಂದು ಕಷ್ಟವಾದರೆ ತೆಗೆಯುವುದು ಹತ್ತು ಕಷ್ಟ. ಬೇರೆ ಬಣ್ಣಗಳು ಅಸಿಟೋನ್ ಎಂಬ ದ್ರವದಲ್ಲಿ ನೆನೆಸಿದ ಅರಳೆಯಿಂದ ಒರಸಿದರೆ ಹೋಗುತ್ತವೆ. ಮಿಂಚಿನ ಚೂರುಗಳು ಪೊರೆ ಕರಗಿದರೂ ಉಗುರನ್ನು ಕಚ್ಚಿಕೊಂಡಿರುತ್ತವೆ. ಅದಕ್ಕಾಗಿ ನೆನೆದ ಅರಳೆಯನ್ನು ಉಗುರಿನ ಮೇಲಿಟ್ಟು, ಅಲ್ಯೂಮಿನಿಯಮ್ ಹಾಳೆಯಿಂದ ಬೆರಳನ್ನು ಸುತ್ತಿ, ಹತ್ತು ನಿಮಿಷ ಬಿಟ್ಟು ಎಳೆಯಬೇಕು. ಕೆರೆಯಕೂಡದು, ಕೆರೆದರೆ ಉಗುರಿನ ಪದರವೇ ಏಳುತ್ತದೆ. ತೆಗೆದ ಅರಳೆಯನ್ನು ಕಸದ ಬುಟ್ಟಿಗೆ ಹಾಕಬೇಕೇ ಹೊರತು ಚೂರುಗಳನ್ನು ಮೋರಿಗೆ ತೊಳೆದು ಬಿಡಬಾರದು. ಪ್ಲಾಸ್ಟಿಕ್ ಹೊಳೆಯಲ್ಲಿ ಕರಗುವುದಿಲ್ಲ. ಐರೋಪ್ಯ ಒಕ್ಕೂಟದವರು ಬಿಡಿಯಾದ ಪ್ಲಾಸ್ಟಿಕ್ ಮಿಂಚಿನ ಮಾರಾಟವನ್ನು ೨೦೨೩ರ ಅಕ್ಟೋಬರಿನಿಂದ ನಿಲ್ಲಿಸಿದ್ದಾರೆ. ಉಗುರುಬಣ್ಣಕ್ಕೆ ೨೦೩೫ರವರೆಗೆ ಗಡುವು ಕೊಟ್ಟಿದ್ದಾರೆ.

ಎರಡು ಬೆರಳುಗಳಿಗೆ ಹಾಳೆ ಸುತ್ತಿಸಿಕೊಂಡು ಕುಳಿತಿದ್ದಾಗ, ಈ ದ್ರವದಿಂದ ಗೋರಂಟಿಯ ಬಣ್ಣವೂ ಹೋಗುವುದೇ ಎಂದು ಮಗಳನ್ನು ಕೇಳಿದೆವು. ಸುಮ್ಮನೆ ಕೇಳಿದ್ದು. ಹೋಗುವುದಿಲ್ಲ ಎಂದಳು. ಈ ಬಣ್ಣ ಉಗುರಿನ ಮೇಲೆ ಹೊದಿಸಿದ ಪೊರೆ. ಗೋರಂಟಿಯ ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಉಗುರಿನ ಒಳಕ್ಕೆ ಇಳಿದು, ಉಗುರು ಯಾವುದರಿಂದ ಆಗಿದೆಯೋ ಆ ಕೆರಟಿನ್ನಿಗೇ ಕಟ್ಟಿಕೊಳ್ಳುತ್ತದೆ. ಅಸಿಟೋನ್ ಹಾಕಿದರೂ ಸೋಪು ಹಾಕಿದರೂ ಕಲ್ಲಿನಿಂದ ತಿಕ್ಕಿದರೂ ಅದು ಬಿಡುವುದಿಲ್ಲ. ಉಗುರು ಬೆಳೆದು ಕತ್ತರಿಸಿಹೋಗಬೇಕು. ಕೈಯುಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರು ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಆರು ತಿಂಗಳು ಹಿಡಿಯುತ್ತದೆ. ಇಷ್ಟನ್ನು ಅವಳು ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿ ಮುಗಿಸಿದಳು.

೧೯೯೩ರಲ್ಲಿ ನಾವು ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆವು. ನಮಗಾಗ ಮೂವತ್ತು ತುಂಬಿರಲಿಲ್ಲ. ಉಗುರಿಗೆ ಬಣ್ಣ ಹಾಕಿಕೊಂಡು ಬಂದ ಹುಡುಗಿಯರನ್ನು ತರಗತಿಗೆ ಸೇರಿಸಕೂಡದೆಂಬ ನಿಯಮ ಅಲ್ಲಿತ್ತು. ಅದನ್ನು ನಮ್ಮಷ್ಟು ಕಟ್ಟುನಿಟ್ಟಾಗಿ ನಡೆಸಿದವರು ಬೇರೆಯಿರಲಿಲ್ಲ. ಒಂಬತ್ತನೆಯ ತರಗತಿಯ ಒಬ್ಬಳು ಅಕ್ಕನ ಮದುವೆ ಮುಗಿಸಿಕೊಂಡು ಮೂರು ದಿನದ ಮೇಲೆ ಬಂದಳು. ಹತ್ತು ಉಗುರುಗಳೂ ಕೆಂಪು. ಗೋರಂಟಿಯೆಂಬುದು ನಮಗೆ ಕಂಡಿತ್ತು. ಬಣ್ಣ ಬಣ್ಣವೇ, ತೊಳೆದುಕೊಂಡು ಒಳಗೆ ಬಾ ಎಂದೆವು. ಹೋದಳು. ಒಂದು ಪೀರಿಯಡ್ ಕಳೆದ ಮೇಲೆ ಬಂದಳು. ನಲ್ಲಿಯ ಕಟ್ಟೆಯ ಮೇಲೆ ಇಟ್ಟಿಗೆಯ ಚೂರಿನಿಂದ ತಿಕ್ಕಿಕೊಂಡಿದ್ದಳು. ಎರಡು ಬೆರಳುಗಳ ತುದಿಯಲ್ಲಿ ರಕ್ತ ಬಂದಿತ್ತು. "ಹೋಗಲ್ಲ ಸಾರ್" ಎಂದಳು. ನಾವು ಅದನ್ನು ಉದ್ಧಟತನವೆಂದು ತಿಳಿದೆವು. ಅಂದು ಮಾತ್ರವಲ್ಲ, ಆ ವಾರವೆಲ್ಲ ಅವಳು ಜಗುಲಿಯಲ್ಲಿ ಕುಳಿತು ಪಾಠ ಕೇಳಿದಳು. ಆಮೇಲೆ ಮುಖ್ಯೋಪಾಧ್ಯಾಯರು ಹೇಳಿ ಒಳಗೆ ಬಿಡಿಸಿದರು. ವರ್ಷ ಮುಗಿಯುವವರೆಗೂ ಅವಳು ನಮ್ಮ ತರಗತಿಯಲ್ಲಿ ಕೈಗಳನ್ನು ಪುಸ್ತಕದ ಕೆಳಗೆ ಇಟ್ಟುಕೊಂಡಿರುತ್ತಿದ್ದಳು. ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈಯೆತ್ತುತ್ತಿರಲಿಲ್ಲ. ಆ ವರ್ಷವೂ ನಾವು ಅಲಕ್ತಕ ಶಬ್ದಕ್ಕೆ ಅರ್ಥ ಹೇಳಿದ್ದೇವೆ.

ಹೋಗಲ್ಲ ಎಂದು ಅವಳು ಹೇಳಿದ ಮಾತು ಅಕ್ಷರಶಃ ನಿಜವೆಂದು ತಿಳಿಯಲು ನಮಗೆ ಮೂವತ್ತಕ್ಕೂ ಮಿಕ್ಕಿ ವರ್ಷಗಳು ಹಿಡಿದುವು. ಒಬ್ಬ ಗೃಹಿಣಿಯನ್ನು ಕೇಳಿದ್ದರೆ ಆ ದಿನವೇ ತಿಳಿಯುತ್ತಿತ್ತು; ನಮ್ಮ ಮನೆಯವರನ್ನೇ ಕೇಳಬಹುದಾಗಿತ್ತು. ಇದನ್ನು ಮೊಮ್ಮಗಳಿಗೆ ಹೇಳಿದೆವು. ಅವಳು ಮೊದಲು ಏನೂ ಅನ್ನಲಿಲ್ಲ. ಬೆರಳಿಗೆ ಸುತ್ತಿದ್ದ ಹಾಳೆಯನ್ನು ಬಿಚ್ಚುತ್ತಿದ್ದಳು. ಆಮೇಲೆ ಆ ಹುಡುಗಿಯ ಹೆಸರೇನೆಂದು ಕೇಳಿದಳು. ನೆನಪಿತ್ತು, ಹೇಳಿದೆವು. ಇಲ್ಲಿ ಬರೆಯುವುದಿಲ್ಲ. ಅವಳು ಈಗ ಎಲ್ಲಿದ್ದಾಳೆಂದು ಕೇಳಿದಳು. ಗೊತ್ತಿಲ್ಲವೆಂದೆವು. ಹುಡುಕಲಿಲ್ಲವೇ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉಂಗುರದ ಬೆರಳೂ ನಡುಬೆರಳೂ ಬರಿದಾದುವು. ಕಿರುಬೆರಳಿಗೆ ಹಾಳೆ ಸುತ್ತಲು ಬಂದಾಗ, ಅದು ಇರಲಿ ಎಂದೆವು. ಹುಡುಗಿ ಅದರ ಮೇಲೆ ಇನ್ನೊಂದು ಸಲ ಮೇಲ್ಲೇಪವನ್ನು ಎಳೆದಳು.

ಊರಿಗೆ ಬಂದು ಹತ್ತು ದಿನವಾಯಿತು. ಮನೆಯವರು ನೋಡಿ ನಕ್ಕರು. ಕ್ಷೌರಿಕನು ಎರಡು ಸಲ ನೋಡಿ ಸುಮ್ಮನಾದನು. ಹಳೆಯ ಶಾಲೆಯ ಗುಮಾಸ್ತರೊಬ್ಬರು ನಿವೃತ್ತರಾಗಿ ನಮ್ಮ ಬಡಾವಣೆಯಲ್ಲಿಯೇ ಇದ್ದಾರೆ. ಆ ವರ್ಷದ ದಾಖಲೆಯ ಪುಸ್ತಕಗಳು ಉಳಿದಿದ್ದರೆ ವಿಳಾಸ ಸಿಕ್ಕಬಹುದೆಂದು ವಿಚಾರಿಸಲು ಹೇಳಿದ್ದೇವೆ. ಬಣ್ಣ ತುದಿಯಲ್ಲಿ ಒಂದಿಷ್ಟು ಸವೆದಿದೆ, ಬುಡದಲ್ಲಿ ಎರಡು ಮಿಲಿಮೀಟರಿನಷ್ಟು ಬರಿಯ ಉಗುರು ಕಾಣುತ್ತಿದೆ. ಅಸಿಟೋನನ್ನು ಅಲ್ಲಿಯೇ ಬಿಟ್ಟು ಬಂದೆವು. ಪೇಟೆಯಲ್ಲಿ ಎಲ್ಲಿ ದೊರೆಯುವುದೆಂದು ಇನ್ನೂ ಕೇಳಿಲ್ಲ. ಕಂಚಿನ ಪಾತ್ರೆಗಳ ವಿಷಯ ಮುಂದಿನ ಸಂಚಿಕೆಗೆ.